ವಿಮಾನದ ಹೊತ್ತಿಗೆ ಹಾಲು ಕರೆದ ವರ್ಷ

ರಾಮನಗರದ ಬಸ್ ನಿಲ್ದಾಣದ ಹೊರಗೆ ಹೊಸದಾಗಿ ಒಂದು ಹೂವಿನ ಅಂಗಡಿ ಬಂದಿದೆ. ಹೋದ ತಿಂಗಳು ಕಂಪನಿ ಬಸ್ಸಿಗೆ ಕಾಯುತ್ತಾ ಅದರ ಮುಂದೆ ನಿಂತಿದ್ದೆ. ಅಂಗಡಿಯಾಕೆ ಗುಲಾಬಿಯ ಕಟ್ಟು ಬಿಚ್ಚಿ, ಕಡ್ಡಿಗಳ ಕೆಳಗಿನ ಎಲೆ ಸವರಿ, ಬ್ಲೀಚಿಂಗ್ ಪುಡಿ ಕದಡಿದ ನೀರಿನ ಬಕೆಟ್ಟಿಗೆ ಇಳಿಸಿದಳು. ಹಸಿ ಎಲೆಯ ಒಗರು ವಾಸನೆಯೂ ಪುಡಿಯ ಘಾಟೂ ಒಟ್ಟಿಗೆ ಮೂಗಿಗೆ ಬಂದವು. ಗುಲಾಬಿ ಎಂದರೆ ಪರಿಮಳ ಎನ್ನುತ್ತಾರೆ. ವಿಮಾನದಲ್ಲಿ ದೂರ ಹೋಗುವ ಗುಲಾಬಿಗೆ ಪರಿಮಳ ಇರುವುದಿಲ್ಲ, ಅದರ ವಾಸನೆ ಇದೇ. ನನ್ನ ಪಾಲಿಗೆ ಅದು 2006ರ ಅಕ್ಟೋಬರಿನಿಂದ ಮುಂದಿನ ವರ್ಷದ ಮಳೆಗಾಲದವರೆಗಿನ ವಾಸನೆ.

ಆಗ ಬಿ.ಕಾಂ. ಮುಗಿಸಿ, ಕೈಲಾಂಚದ ಹತ್ತಿರದ ಒಂದು ಗುಲಾಬಿ ಫಾರಂನಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ್ದೆ. ಹಿಪ್ಪುನೇರಳೆ ಹೊಲಗಳ ನಡುವೆ ಪ್ಲಾಸ್ಟಿಕ್ ಹೊದಿಸಿದ ಉದ್ದನೆಯ ಮನೆಗಳು, ಒಂದು ಪ್ಯಾಕಿಂಗ್ ಶೆಡ್ಡು, ಒಂದು ಕೋಲ್ಡ್ ರೂಮು. ಹೂ ಕೊಯ್ಯುವವರೂ ಕಟ್ಟುವವರೂ ಪಕ್ಕದ ಊರಿನ ಹೆಂಗಸರು. ಅವರಿಗೆ ನಾನು ರೈಟ್ರಮ್ಮ. ಶೆಡ್ಡಿನ ಗೋಡೆಯ ಮೇಲೊಂದು ಕರಿಹಲಗೆ ಇತ್ತು. ಬೆಂಗಳೂರಿನ ಕಾರ್ಗೋ ಏಜೆಂಟು ದಿನಾ ಫೋನ್ ಮಾಡಿ ಮಾರನೆಯ ದಿನದ ಡೆಲ್ಲಿ ವಿಮಾನದ ಹೊತ್ತು ಹೇಳುತ್ತಿದ್ದರು, ನಾನು ಅದನ್ನು ಹಲಗೆಯ ಮೇಲೆ ಬರೆಯಬೇಕು. ನಮ್ಮ ಹೂ ಪ್ರಯಾಣಿಕರ ವಿಮಾನದ ಹೊಟ್ಟೆಯಲ್ಲಿ, ಅವರ ಸೂಟ್‌ಕೇಸುಗಳ ಪಕ್ಕದಲ್ಲಿ ಹೋಗುತ್ತಿತ್ತು. ಹೈಸ್ಕೂಲಿನಿಂದಲೂ ದಿನಚರಿ ಬರೆಯುವ ಅಭ್ಯಾಸ ನನಗೆ. ಮಳೆ ಬಂದ ದಿನ, ಬಸ್ಸು ತಪ್ಪಿದ ದಿನ ಎಲ್ಲ ಗುರುತು ಹಾಕುತ್ತಿದ್ದವಳು ವಿಮಾನದ ಹೊತ್ತನ್ನೂ ಬರೆದಿಡತೊಡಗಿದೆ.

ಮೊದಲಿಗೆ ಇದ್ದದ್ದು ಒಂದೇ ವಿಮಾನ, ಸಂಜೆ ಏಳಕ್ಕೆ ಸ್ವಲ್ಪ ಮುಂಚೆ. ಅದು ಆ ಹೆಂಗಸರ ದಿನಕ್ಕೆ ಅಳತೆ ಕೊಟ್ಟು ಹೊಲಿಸಿದ ಹಾಗಿತ್ತು. ಹೆಂಗಸರು ಬೆಳಿಗ್ಗೆ ಹಾಲು ಕರೆದು, ಡೈರಿಗೆ ಹಾಕಿ, ಏಳಕ್ಕೆ ಹೂ ಕೊಯ್ಯಲು ಬರುತ್ತಿದ್ದರು. ಮಧ್ಯಾಹ್ನ ಒಂದೂವರೆಗೆ ನಯಾಜ್ ವ್ಯಾನು ಹೊರಡಿಸಿದರೆ ಇವರೂ ಮನೆಗೆ. ಸಂಜೆ ಮತ್ತೆ ಹಾಲು ಕರೆಯುವ ಹೊತ್ತಿಗೆ ಕೊಟ್ಟಿಗೆಯಲ್ಲಿ ಇರುತ್ತಿದ್ದರು. ನಯಾಜ್ ರಾಮನಗರದವನು. ಮನೆಮಂದಿಯೆಲ್ಲ ರೇಷ್ಮೆ ನೂಲು ಬಿಚ್ಚುವವರು, ಇವನೊಬ್ಬ ಸ್ಟೇರಿಂಗ್ ಹಿಡಿದಿದ್ದ.

ಅಕ್ಟೋಬರ್ ಕೊನೆಯ ವಾರ ಏಜೆಂಟು ಫೋನಿನಲ್ಲಿ ಎಂದಿಗಿಂತ ಹೆಚ್ಚು ಹೊತ್ತು ಮಾತಾಡಿದರು. ಚಳಿಗಾಲದ ಹೊಸ ವೇಳಾಪಟ್ಟಿ ಬರುತ್ತಿದೆ. ಆ ವಿಮಾನ ಕಂಪನಿ ಇನ್ನು ಮೇಲೆ ಬೆಂಗಳೂರನ್ನೇ ತನ್ನ ಹಬ್ ಮಾಡಿಕೊಳ್ಳುತ್ತದೆ. ಬೆಳಿಗ್ಗೆ ಮಂಗಳೂರಿನಿಂದ, ಕೊಚ್ಚಿಯಿಂದ ಸಣ್ಣ ವಿಮಾನಗಳು ಜನರನ್ನು ತಂದು ಇಳಿಸುತ್ತವೆ, ಅವರನ್ನು ಹತ್ತಿಸಿಕೊಂಡು ದೊಡ್ಡ ವಿಮಾನಗಳು ಮಧ್ಯಾಹ್ನ ಡೆಲ್ಲಿಗೆ, ಕೋಲ್ಕತ್ತಕ್ಕೆ ಹೊರಡುತ್ತವೆ. ಸಂಜೆಯ ಡೆಲ್ಲಿ ವಿಮಾನ ಇರುವುದಿಲ್ಲ. ನನಗೆ ತಟ್ಟನೆ ನೆನಪಾದದ್ದು ನಮ್ಮ ರಾಮನಗರದ ಬಸ್ ನಿಲ್ದಾಣ. ಬೆಂಗಳೂರಿನ ರೈಲು ಬಂದ ಹೊತ್ತಿಗೆ ಸರಿಯಾಗಿ ಕನಕಪುರದ ಬಸ್ಸು, ಮಾಗಡಿ ಬಸ್ಸು, ಕೈಲಾಂಚದ ಬಸ್ಸು ಸಾಲಾಗಿ ನಿಂತು ಜನರನ್ನು ತುಂಬಿಕೊಂಡು ಒಟ್ಟಿಗೆ ಹೊರಡುತ್ತವೆ. ರೈಲು ತಡವಾದರೆ ಮೂರು ತಾಲ್ಲೂಕಿನ ಊಟ ತಡವಾಗುತ್ತದೆ. ನಡುವೆ ನಿಂತವರು ಒಂದು ಹೊತ್ತು ಹಿಡಿದರೆ ಸುತ್ತಲಿನವರೆಲ್ಲ ತಮ್ಮ ಹೊತ್ತು ತಿದ್ದಿಕೊಳ್ಳಬೇಕು.

ಹಲಗೆಯ ಮೇಲೆ 12:40 ಎಂದು ಬರೆದೆ. ಅದರ ಅರ್ಥ ಎಲ್ಲರಿಗೂ ತಿಳಿಯಲು ಮ್ಯಾನೇಜರ್ ಬರಬೇಕಾಯಿತು. ಪೆಟ್ಟಿಗೆಗಳು ಹತ್ತು ಗಂಟೆಗೆ ವಿಮಾನ ನಿಲ್ದಾಣದಲ್ಲಿರಬೇಕು. ಮೈಸೂರು ರಸ್ತೆಯ ಗಾಡಿಗಳ ಸಂದಣಿ ದಾಟಿ ಹೋಗಬೇಕಾದರೆ ವ್ಯಾನು ಏಳೂವರೆಗೇ ಹೊರಡಬೇಕು. ಆದ್ದರಿಂದ ಹಿಂದಿನ ಸಂಜೆ ನಾಲ್ಕರಿಂದ ಆರರವರೆಗೆ ಹೂ ಕೊಯ್ದು ಕೋಲ್ಡ್ ರೂಮಿನಲ್ಲಿಡುವುದು, ಬೆಳಿಗ್ಗೆ ಐದಕ್ಕೆ ಬಂದು ಕಟ್ಟುವುದು. ಅವೆರಡೂ ಹಾಲು ಕರೆಯುವ ಹೊತ್ತು. ಒಂದು ಹೊತ್ತಾಗಿದ್ದರೆ ಹೇಗೋ ಹೊಂದಿಸಬಹುದಿತ್ತು. ವೇಳಾಪಟ್ಟಿಯಲ್ಲಿ ಯಾರೋ ಒಂದು ಗೆರೆ ಅತ್ತಿತ್ತ ಎಳೆದದ್ದಕ್ಕೆ ಇಲ್ಲಿ ಎರಡು ಹೊತ್ತಿನ ಹಾಲಿಗೂ ಕುತ್ತು ಬಂದಿತ್ತು.

"ಯಾರಿಗೆ ಬರೋಕಾಗಲ್ವೋ ಈಗಲೇ ಹೇಳ್ಬಿಡಿ" ಎಂದರು ಮ್ಯಾನೇಜರ್. "ಕನಕಪುರದ ಕಡೆಯಿಂದ ಟೆಂಪೋದಲ್ಲಿ ಜನ ಬರೋಕೆ ತಯಾರಿದ್ದಾರೆ. ಹೂವು ನಿಮ್ಮ ಹಸುಗೆ ಕಾಯಲ್ಲ." ಅವರು ಕೆಟ್ಟವರಲ್ಲ. ಡೆಲ್ಲಿಯ ವ್ಯಾಪಾರಿ ಅವರನ್ನು ದಿನಾ ಬೈಯುತ್ತಿದ್ದ, ಅಷ್ಟೆ.

ಹೆಚ್ಚು ಕಷ್ಟಕ್ಕೆ ಸಿಕ್ಕಿದವಳು ಜಯಮ್ಮ. ಮೂವತ್ತೈದರ ಆಸುಪಾಸು, ಕಡ್ಡಿಯ ಹಾಗಿದ್ದಳು, ಬಾಯಿ ಮಾತ್ರ ಜೋರು. ಗಂಡ ಶಿವಣ್ಣ ಬಿಡದಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕಾಂಟ್ರ್ಯಾಕ್ಟ್ ಕೆಲಸಗಾರ, ವಾರಕ್ಕೊಂದು ಶಿಫ್ಟು. ಮನೆಯಲ್ಲಿ ಬೇರೆ ಕೈ ಇಲ್ಲ. ಕೊಟ್ಟಿಗೆಯಲ್ಲಿ ಒಂದೇ ಹಸು, ಕೆಂಪಿ. ಕೆಂಪಾಪುರದ ಹತ್ತಿರದ ತವರಿನಿಂದ ಕರುವಾಗಿ ಬಂದದ್ದು, ಈಗ ಗಬ್ಬವಾಗಿಯೂ ಹಾಲು ಕೊಡುತ್ತಿತ್ತು. ಮಾರನೆಯ ದಿನ ಏನೋ ಹೇಳಲು ಅವಳ ಮನೆಗೆ ಹೋದಾಗ ಗಂಡ ಹೆಂಡತಿ ಮಾತಿಗೆ ನಿಂತಿದ್ದರು.

"ಹಸ ಮಾರ್ಬುಡು, ಇಲ್ಲ ಹೂವಿನ್ ಕೆಲ್ಸ ಬುಡು" ಎನ್ನುತ್ತಿದ್ದ ಶಿವಣ್ಣ. "ಎರ್ಡು ದೋಣಿ ಮ್ಯಾಲೆ ಕಾಲಿಟ್ರೆ ಆಯ್ತದಾ?"

"ನಿನ್ ಫ್ಯಾಕ್ಟ್ರಿ ಶಿಫ್ಟು ವಾರ್ವಾರುಕ್ಕೂ ಬದ್ಲಾಯ್ತದೆ. ನಾನು ಯಾವತ್ತಾದ್ರೂ ಫ್ಯಾಕ್ಟ್ರಿ ಮಾರು ಅಂದಿದ್ದೀನಾ?" ಎಂದಳು ಜಯಮ್ಮ. ಶಿವಣ್ಣ ನಗು ತಡೆಯಲಾಗದೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ. ಅವಳು ನನ್ನ ಕಡೆ ತಿರುಗಿದಳು. "ಕೆಂಪಿ ನಮ್ಮವ್ವ ಕೊಟ್ಟಿದ್ದು. ಫಾರಂ ಕೆಲ್ಸ ನಾನೇ ಹುಡೀಕಂಡಿದ್ದು. ಯಾವುದ್ನ ಬುಡಾನ ಹೇಳು ರೈಟ್ರಮ್ಮ."

ಆ ಸಂಜೆಯ ದಿನಚರಿಯಲ್ಲಿ ಹೊಸ ಹೊತ್ತನ್ನು ಬರೆದು ಅದರ ಕೆಳಗೆ ಅವಳ ಪ್ರಶ್ನೆಯನ್ನೂ ಬರೆದೆ.

ಹೆಂಗಸರಿಗೆ ಮೊದಲು ಹೊಳೆದದ್ದು ಬೇರೆ ದಾರಿ. ವಿಮಾನವನ್ನು ಸ್ವಲ್ಪ ನಿಲ್ಲಿಸಿಕೊಳ್ಳಲು ಹೇಳಿದರಾಯಿತು. ಅವರಲ್ಲಿ ಹಿರಿಯಳಾದ ಲಕ್ಷ್ಮಮ್ಮ ನನ್ನ ಮೇಜಿನ ಮುಂದೆ ಬಂದು ನಿಂತಳು.

"ಕೈಲಾಂಚದ ಬಸ್ಸು ನಮ್ ಹಾಲಿನ್ ಕ್ಯಾನು ಬರಗಂಟ ನಿಂತ್ಕತದೆ. ಇವನ್ಗೇನು ದಾಡಿ? ಒಸಿ ತಡೀಲಿ ಅನ್ನವ್ವ."

"ಅಕ್ಕ, ಅದು ಬಸ್ಸಲ್ಲ."

"ಅದುಕ್ಕೂ ಡ್ರೈವರ್ ಇರಾಕಿಲ್ವಾ? ಇರೋನ್ಗೆ ಹೇಳು."

ನಕ್ಕುಬಿಟ್ಟೆ. ಆದರೆ ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅವರಿಗೆ ಗೊತ್ತಿದ್ದ ಬಸ್ಸುಗಳೆಲ್ಲ ಯಾರಿಗಾದರೂ ಕಾಯುವ ಬಸ್ಸುಗಳು. ಬಸುರಿ ಬರುತ್ತಿದ್ದಾಳೆ ಎಂದರೆ ಕಾಯುತ್ತವೆ, ಹಿಪ್ಪುನೇರಳೆ ಸೊಪ್ಪಿನ ಹೊರೆ ಮೇಲೆ ಹಾಕಲು ಕಾಯುತ್ತವೆ. ನನ್ನನ್ನು ನಂಬದೆ ಅವರು ನಯಾಜ್ ಕೈಯಲ್ಲಿ ಒಂದು ಚೀಲ ಅವರೆಕಾಯಿ ಕಳಿಸಿದರು, ವಿಮಾನದವರಿಗೆ ಕೊಟ್ಟು ಬಾ ಎಂದು. ಮಾರನೆಯ ಬೆಳಿಗ್ಗೆ ಅವನು ವ್ಯಾನಿನಿಂದ ಇಳಿಯುವ ಮುಂಚೆಯೇ ಎಲ್ಲರೂ ಅವನನ್ನು ಸುತ್ತಿಕೊಂಡರು.

"ಕಾರ್ಗೋ ಕ್ಲರ್ಕು ತಗೊಂಡ್ರಕ್ಕ. ಒಳ್ಳೆ ಸೊಗಡೈತೆ ಅಂದ್ರು" ಎಂದ ನಯಾಜ್. "ಟೈಮ್ ಬದ್ಲಾಯ್ಸೋದು ನಮ್ ಕೈಲಿಲ್ಲ, ಎಲ್ಲ ಬೊಂಬಾಯಲ್ಲಿ ಕೂತವ್ರ ಕೈಲೈತೆ ಅಂದ್ರು."

"ಬೊಂಬಾಯ್ಗೆ ಎಷ್ಟ್ ಚೀಲ ಬೇಕಂತೆ?" ಎಂದಳು ಲಕ್ಷ್ಮಮ್ಮ.

ದಾರಿ ತೋರಿಸಿದವಳು ಜಯಮ್ಮನೇ. ನಮ್ಮ ಕಡೆ ರಾಗಿ ಪೈರು ನೆಡುವಾಗ ಕೂಲಿ ಕೊಡುವಂತಿಲ್ಲದವರು ಮುಯ್ಯಿ ಮಾಡಿಕೊಳ್ಳುತ್ತಾರೆ. ಇಂದು ನಿನ್ನ ಹೊಲದಲ್ಲಿ ನಾನು ನೆಟ್ಟರೆ ನಾಳೆ ನನ್ನ ಹೊಲದಲ್ಲಿ ನೀನು. ಹಾಗೇ ಹಾಲಿಗೂ ಮಾಡೋಣ ಎಂದಳು. ಬೀದಿಯ ಐದು ಮನೆ ಒಂದು ಗುಂಪು. ಸರದಿಯ ಮೇಲೆ ಒಬ್ಬಳು ಊರಲ್ಲಿ ಉಳಿದು ಐದೂ ಮನೆಯ ಹಸು ಕರೆದು ಡೈರಿಗೆ ಹಾಕುವುದು. ಉಳಿದ ನಾಲ್ವರು ಫಾರಂಗೆ ಹೋಗಿ ಐವರ ಪಾಲಿನ ಹೂ ಕಟ್ಟುವುದು.

"ಪೈರು ಯಾರ್ ನೆಟ್ರೂ ಹತ್ಕತದೆ ಕಣಮ್ಮಿ" ಎಂದಳು ಲಕ್ಷ್ಮಮ್ಮ. "ಹಸ ಯಾರ್ ಕರುದ್ರೂ ಕೊಡ್ತದಾ?"

ಅವಳ ಮಾತೇ ನಿಜವಾಯಿತು. ಮೊದಲ ದಿನ ಕೆಂಪಿ ಲಕ್ಷ್ಮಮ್ಮನ ಚೆಂಬನ್ನು ಒದ್ದು ಅಂಗಳಕ್ಕೆ ಉರುಳಿಸಿತು. ಬೇರೆ ಎರಡು ಮನೆಯ ಹಸುಗಳೂ ಹಾಲನ್ನು ಮೇಲಕ್ಕೆ ಹಿಡಿದುಕೊಂಡವು. ಆಗ ಲಕ್ಷ್ಮಮ್ಮನ ಅತ್ತೆ ಜಗಲಿಯ ಮೇಲೆ ಕೂತು ಹೇಳಿದ್ದು ಇಷ್ಟೇ: "ಕರೆಯೋಳ್ ಸೀರೆ ಉಟ್ಕಳ್ರೇ. ಹಸ ಮಕ ನೋಡಾಕಿಲ್ಲ." ಹಿಂದೆ ಬಾಣಂತಿಯರ ಮನೆಯಲ್ಲಿ ಹೀಗೆ ಮಾಡುತ್ತಿದ್ದರಂತೆ. ಮಾರನೆಯ ದಿನದಿಂದ ಐದೂ ಕೊಟ್ಟಿಗೆಯ ಗೂಟಗಳಲ್ಲಿ ಒಂದೊಂದು ಹಳೆ ಸೀರೆ ಬಂದು ಕೂತಿತು. ಒಡತಿ ವರ್ಷಗಟ್ಟಲೆ ಉಟ್ಟು, ಸಗಣಿ, ಬೂಸಾ, ಬೆವರು ಎಲ್ಲ ಹಿಡಿದದ್ದು. ಸರದಿಯವಳು ಆಯಾ ಮನೆಗೆ ಹೋಗಿ ಆ ಸೀರೆಯನ್ನು ಮೈಗೆಲ್ಲ ಸುತ್ತಿಕೊಂಡು ಹಸುವಿನ ಪಕ್ಕ ಕೂರುವುದು. ಜಯಮ್ಮನದು ಅಂಚು ಹರಿದ ಹಸಿರು ಸೀರೆ. ಸೂರ್ಯ ಹುಟ್ಟುವುದರೊಳಗೆ ಐದು ಸೀರೆ ಬದಲಿಸುವ ಹೆಂಗಸನ್ನು ನೋಡಿ ಶಿವಣ್ಣ, "ಮದ್ವೆ ಹೆಣ್ಣುಗೂ ಇಷ್ಟು ಸೀರೆ ಇರಾಕಿಲ್ಲ ಕಣಕ್ಕ" ಎಂದು ರೇಗಿಸುತ್ತಿದ್ದ. ಹಸುಗಳು ಹಾಲು ಕೊಟ್ಟವು.

ಆ ಚಳಿಗಾಲವೆಲ್ಲ ಹೀಗೆ ನಡೆಯಿತು. ಬೆಳಗಿನ ಮಂಜಿನಲ್ಲಿ ಹೆಂಗಸರು ಟಾರ್ಚು ಹಿಡಿದು ಸಾಲಾಗಿ ಬರುವುದು, ಕೋಲ್ಡ್ ರೂಮಿನ ಬಾಗಿಲು ತೆರೆದರೆ ಹೊರಗೂ ಒಳಗೂ ಒಂದೇ ಚಳಿ ಎನಿಸುವುದು, ಕಾಗದದಲ್ಲಿ ಸುತ್ತಿದ ಮೊಗ್ಗುಗಳನ್ನು ಪೆಟ್ಟಿಗೆಯಲ್ಲಿ ಕೂಸಿನ ಹಾಗೆ ಮಲಗಿಸುವುದು. ಮ್ಯಾನೇಜರ್‌ಗೆ ಬೇಕಾದದ್ದು ಏಳೂವರೆಗೆ ತುಂಬಿದ ವ್ಯಾನು. ಅದು ಸಿಗುತ್ತಿದ್ದರಿಂದ ಯಾರು ಬಂದರು, ಯಾರು ಉಳಿದರು ಎಂದು ಅವರು ಕೇಳಲಿಲ್ಲ. ಆದರೆ ಒಂದು ಮಾತು ಹೇಳಿಟ್ಟಿದ್ದರು. ಯಾರದಾದರೂ ಟೇಬಲ್ಲು ಸತತ ಎರಡು ದಿನ ಖಾಲಿ ಬಿದ್ದದ್ದು ಕಂಡರೆ ಆ ಜಾಗ ಕನಕಪುರದವರಿಗೆ.

ಎಲ್ಲವೂ ಕೈತಪ್ಪಿದ್ದು ಸಂಕ್ರಾಂತಿಗೆ. ಹಬ್ಬಕ್ಕೆ ಬಂದಿದ್ದ ಜಯಮ್ಮನ ನಾದಿನಿ ಭಾಗ್ಯ ಬಹಳ ಅಚ್ಚುಕಟ್ಟಿನ ಹುಡುಗಿ. ದನದ ಮೈ ತೊಳೆದು, ಕೊಟ್ಟಿಗೆ ಗುಡಿಸಿ, ಗೂಟದಲ್ಲಿದ್ದ ಕೊಳೆ ಸೀರೆ ಕಂಡು ಅಸಹ್ಯಪಟ್ಟುಕೊಂಡು, ಸೋಪು ಹಾಕಿ ಉಜ್ಜಿ ಒಣಗಿಸಿ, ಮಡಿಸಿ ಅಲ್ಲೇ ಇಟ್ಟಿದ್ದಳು. ಮಾರನೆಯ ಬೆಳಿಗ್ಗೆ ಲಕ್ಷ್ಮಮ್ಮನ ಸರದಿ. ಕತ್ತಲಲ್ಲಿ ಅವಳಿಗೆ ಗೊತ್ತಾಗಲಿಲ್ಲ. ಸೋಪಿನ ವಾಸನೆಯ ಸೀರೆಗೆ ಕೆಂಪಿ ಒಂದು ತೊಟ್ಟೂ ಹಾಲು ಇಳಿಸಲಿಲ್ಲ. ಲಕ್ಷ್ಮಮ್ಮ ಜಗ್ಗಿದಳು, ಹಸು ಒದೆಯಿತು. ಸಂಜೆಯೂ ಹಾಗೇ ಆಯಿತು. ಅದರ ಮರುದಿನಕ್ಕೆ ಕೆಚ್ಚಲು ಕಲ್ಲಿನ ಹಾಗೆ ಗಟ್ಟಿಯಾಗಿ ಬಿಸಿಯಾಗಿತ್ತು.

ಪಶು ಆಸ್ಪತ್ರೆಯ ಡಾಕ್ಟರು ಬಂದು ಕೆಚ್ಚಲು ಬಾವು ಎಂದು ಚುಚ್ಚುಮದ್ದು ಕೊಟ್ಟು, ಗಂಟೆ ಎರಡು ಗಂಟೆಗೊಮ್ಮೆ ಹಾಲು ತೆಗೆಯುತ್ತಿರಬೇಕು, ಇಲ್ಲದಿದ್ದರೆ ಆ ಕೆಚ್ಚಲು ಹೋದಂತೆಯೇ ಎಂದರು. ಗಬ್ಬದ ಹಸು, ಜ್ವರ ಏರಿದರೆ ಕರುವಿಗೂ ಅಪಾಯ. ಕೆಂಪಿ ಮುಟ್ಟಿಸಿಕೊಳ್ಳುತ್ತಿದ್ದದ್ದು ಜಯಮ್ಮನಿಂದ ಮಾತ್ರ. ಅವಳು ಕೊಟ್ಟಿಗೆಯಲ್ಲೇ ಚಾಪೆ ಹಾಕಿಕೊಂಡಳು. ಫಾರಂಗೆ ಬರುವ ಮಾತೇ ಇರಲಿಲ್ಲ. ಭಾಗ್ಯ ಅಳುತ್ತಾ ಬಿಸಿನೀರು ಕಾಯಿಸಿ ಕೊಡುತ್ತಿದ್ದಳು. "ಅಳ್ಬ್ಯಾಡ ಸುಮ್ಕಿರು. ಒಗೆಯೋದೂ ತಪ್ಪಾ?" ಎನ್ನುತ್ತಿದ್ದಳು ಜಯಮ್ಮ.

ಇತ್ತ ಶೆಡ್ಡಿನಲ್ಲಿ ಹೆಂಗಸರು ಯಾರೂ ಹೇಳದೆಯೇ ಒಂದು ಕೆಲಸ ಮಾಡಿದರು. ಜಯಮ್ಮನ ಟೇಬಲ್ಲಿನ ಮುಂದೆ ಒಂದೊಂದು ಗಳಿಗೆಗೆ ಒಬ್ಬೊಬ್ಬಳು ಬಂದು ನಿಂತು ಅವಳ ಪಾಲಿನ ಕಟ್ಟು ಕಟ್ಟತೊಡಗಿದರು. ಗುಂಪಿನವರಷ್ಟೇ ಅಲ್ಲ, ಬೇರೆ ಬೀದಿಯವರೂ ಬಂದರು. ನಾಲ್ಕನೆಯ ದಿನ ಮ್ಯಾನೇಜರ್ ಬಂದು ನಿಂತು ನೋಡಿದರು. "ಜಯಮ್ಮ ಎಲ್ಲಿ?" ಎಂದರು. ಹೆಂಗಸರು ಹೂ ಕಟ್ಟುತ್ತಲೇ ಇದ್ದರು. ನಾನು ಎದ್ದು ನಿಂತು, ಹಸುವಿಗೆ ಹುಷಾರಿಲ್ಲ, ಮನೆಯಲ್ಲಿದ್ದಾಳೆ, ಅವಳ ಕೆಲಸ ಇವರು ಮಾಡುತ್ತಿದ್ದಾರೆ ಎಂದು ಇದ್ದದ್ದನ್ನು ಹೇಳಿದೆ. ಅವರು ಪೆಟ್ಟಿಗೆಗಳ ಕಡೆ ನೋಡಿದರು, ಟೇಬಲ್ಲಿನ ಕಡೆ ನೋಡಿದರು. "ಟೇಬಲ್ ಖಾಲಿ ಇಲ್ಲವಲ್ಲ" ಎಂದು ಹೇಳಿ ಹೊರಟುಹೋದರು.

ಅದೇ ವಾರ ಡೆಲ್ಲಿಯಲ್ಲಿ ದಟ್ಟ ಮಂಜು. 12:40ರ ಪಕ್ಕದಲ್ಲಿ ದಿನಾ ಹೊಸ ಹೊತ್ತು ಬರೆಯುವುದು, ಅಳಿಸುವುದು ನನ್ನ ಕೆಲಸವಾಯಿತು. ಒಂದು ದಿನ ನಾಲ್ಕು ಗಂಟೆ ತಡ, ಇನ್ನೊಂದು ದಿನ ಕತ್ತಲಾಗುವವರೆಗೂ ಹೊರಡಲಿಲ್ಲ. ನಸುಕಿನಲ್ಲೇ ಎದ್ದು ಕಟ್ಟಿದ ಹೂ ನಿಲ್ದಾಣದಲ್ಲಿ ಕೂತಿತ್ತು. ಇದನ್ನು ಹೇಳಿದಾಗ ಜಯಮ್ಮ ಕೆಂಪಿಯ ಕೆಚ್ಚಲಿಗೆ ಬಿಸಿಬಟ್ಟೆ ಒತ್ತುತ್ತಿದ್ದಳು.

"ನಮ್ ಕೆಂಪಿ ಅರ್ಧ ಗಂಟೆ ಕೇಳುದ್ರೆ ಆಗಾಕಿಲ್ಲ ಅಂದ್ರು" ಎಂದಳು. "ಮಂಜು ನಾಕ್ ಗಂಟೆ ಕೇಳುದ್ರೆ ಕೊಟ್ಬುಟ್ರು ನೋಡು."

ವಾರ ಕಳೆಯುವುದರೊಳಗೆ ಬಾವು ಇಳಿಯಿತು. ಜಯಮ್ಮ ಆ ಸೀರೆಯನ್ನೇ ಹಗಲೂ ರಾತ್ರಿ ಉಟ್ಟು ಮತ್ತೆ ಕೊಳೆ ಮಾಡಿ ಗೂಟಕ್ಕೆ ಹಾಕಿ ಶೆಡ್ಡಿಗೆ ಬಂದಳು. ಬಂದವಳೇ ತನ್ನ ಟೇಬಲ್ಲನ್ನು ಅಂಗೈಯಿಂದ ಒಮ್ಮೆ ಸವರಿ ಕೆಲಸ ಶುರು ಮಾಡಿದಳು.

ಫೆಬ್ರವರಿಯಲ್ಲಿ ನನಗೆ ಬೆಂಗಳೂರಿನಲ್ಲಿ ಬ್ಯಾಂಕ್ ಪರೀಕ್ಷೆ ಇತ್ತು. ಏಜೆಂಟಿನ ಫೋನು ಹಿಡಿಯುವವರು ಬೇಕಿತ್ತು. "ಹೋಗ್ಬಾ, ನಾನ್ ಬರೀತೀನಿ" ಎಂದಳು ಜಯಮ್ಮ. ಹಿಂತಿರುಗಿ ಬಂದಾಗ ಹಲಗೆಯ ಮೇಲೆ ಅವಳ ಅಂಕಿಗಳಿದ್ದವು, ಡೈರಿಯ ಕ್ಯಾನುಗಳ ಮೇಲೆ ಬರೆಯುವ ಹಾಗೆ ದಪ್ಪಗೆ, ನನ್ನದಕ್ಕಿಂತ ದೊಡ್ಡದಾಗಿ. ಪರೀಕ್ಷೆಯಲ್ಲಿ ನಾನು ಪಾಸಾಗಲಿಲ್ಲ. ಜಯಮ್ಮ ಮಾತ್ರ, "ಇದು ಮುಯ್ಯಿ ಕಣವ್ವ. ಒಂದಿನ ಕೇಳ್ತೀನಿ" ಎಂದಿದ್ದಳು.

ಮಾರ್ಚ್ ಕೊನೆಗೆ ಬೇಸಿಗೆಯ ವೇಳಾಪಟ್ಟಿ ಬಂತು. ಹಬ್ ಬೆಳೆದಿತ್ತು. ಡೆಲ್ಲಿಗೆ ಈಗ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಸಂಜೆ ಒಂದು. ಹಲಗೆಯ ಮೇಲೆ ಮೊದಲ ಸಲ ಮೂರು ಸಾಲು ಬರೆದೆ. ಒಂದೇ ವಿಮಾನ ಇದ್ದಾಗ ಅದು ಹೇಳಿದಂತೆ ನಾವು. ಮೂರಾದ ಮೇಲೆ ಏಜೆಂಟೇ ಫೋನ್ ಮಾಡಿ, ಯಾವುದಕ್ಕೆ ಹಾಕೋಣ ಎಂದು ನಮ್ಮನ್ನು ಕೇಳತೊಡಗಿದರು. ಮ್ಯಾನೇಜರ್ ಸಂಜೆಯದಕ್ಕೇ ಹಿಂತಿರುಗಿದರು. ಎರಡು ಹೊತ್ತಿನ ಹಾಲೂ ಅವರವರ ಕೈಗೆ ಮರಳಿ ಬಂತು.

ಆದರೆ ಮುಯ್ಯಿ ನಿಲ್ಲಲಿಲ್ಲ. ಏಪ್ರಿಲ್‌ನಲ್ಲಿ ಕೆಂಪಿ ಹೆಣ್ಣುಗರು ಹಾಕಿತು, ಶಿವಣ್ಣ ಅದಕ್ಕೆ ಡೆಲ್ಲಿ ಎಂದು ಹೆಸರಿಟ್ಟ. ಮೊದಲ ಮಳೆ ಬಿದ್ದ ಮೇಲೆ ಜಯಮ್ಮ ಮೂರು ದಿನ ತವರಿಗೆ ಹೋಗಿ ಬಂದಳು. ಹಸು ಕಟ್ಟಿದ ಮೇಲೆ ಅವಳು ತವರಿನಲ್ಲಿ ರಾತ್ರಿ ಉಳಿದದ್ದು ಅದೇ ಮೊದಲು ಎಂದು ಆಗ ತಿಳಿಯಿತು. ಬೊಂಬಾಯಿಯಲ್ಲಿ ಯಾರೋ ಎಳೆದ ಗೆರೆ ಅವಳಿಗೆ ಇದನ್ನೂ ಕೊಟ್ಟಿತ್ತು, ಅವರಿಗೆ ಅದು ಗೊತ್ತಾಗುವ ಹಾಗಿರಲಿಲ್ಲ.

2008ರಲ್ಲಿ ವಿಮಾನ ನಿಲ್ದಾಣ ದೇವನಹಳ್ಳಿಗೆ ಹೋಯಿತು. ನಯಾಜ್ ಇಡೀ ಬೆಂಗಳೂರನ್ನು ಅಡ್ಡ ಹಾಯಬೇಕಾಯಿತು. ಎಷ್ಟು ವಿಮಾನಗಳಿದ್ದರೂ ನಮಗೆ ಯಾವುದೂ ಹತ್ತಿರವಾಗಲಿಲ್ಲ. ಮಾಲೀಕರು ಬೆಂಗಳೂರಿನ ಉತ್ತರಕ್ಕೆ ಬೇರೆ ಜಾಗ ಹಿಡಿದರು, ಇಲ್ಲಿಯ ಪ್ಲಾಸ್ಟಿಕ್ ಬಿಚ್ಚಿದರು. ನಾನು ಬಿಡದಿಯ ಒಂದು ಕಾರ್ಖಾನೆಯ ಸ್ಟೋರ್ಸ್‌ಗೆ ಸೇರಿದೆ.

ಹೂವಿನಂಗಡಿಯ ಮುಂದೆ ನಿಂತ ಆ ವಾರವೇ, ರಜೆಯ ಹಿಂದಿನ ಸಂಜೆ, ಜಯಮ್ಮನ ಮನೆಗೆ ಹೋಗಿ ಉಳಿದೆ. ಅವಳೀಗ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ಕೆಂಪಿ ತೀರಿಹೋಗಿದೆ. ಡೆಲ್ಲಿ ಎರಡು ತಿಂಗಳ ಹಿಂದೆ ಕರು ಹಾಕಿದೆ. ನಸುಕಿನಲ್ಲಿ ಎದ್ದು ಹಲ್ಲುಜ್ಜುತ್ತಿದ್ದೆ, ಬೀದಿಯ ತುದಿಯಲ್ಲಿ ಗಾರ್ಮೆಂಟ್ಸ್ ವ್ಯಾನು ಹಾರನ್ ಹಾಕಿತು. ಆ ದಿನ ಹಾಲು ಕರೆಯುವ ಸರದಿಯಿದ್ದ ಲಕ್ಷ್ಮಮ್ಮ ಮಗಳ ಹೆರಿಗೆಗೆಂದು ರಾತ್ರಿಯೇ ಆಸ್ಪತ್ರೆಗೆ ಹೋಗಿದ್ದಳಂತೆ. ಜಯಮ್ಮ ಊಟದ ಡಬ್ಬಿ ಕಂಕುಳಲ್ಲಿ ಇರುಕಿಕೊಂಡು ಗೂಟದಿಂದ ಹಸಿರು ಸೀರೆ ತೆಗೆದು ನನ್ನ ಹೆಗಲ ಮೇಲೆ ಎಸೆದಳು.

"ರೈಟ್ರಮ್ಮ, ನಿನ್ ಮುಯ್ಯಿ ಒಂದು ಐತೆ, ಗ್ಯಾನ ಐತಾ?"

"ನಾನು ಹಾಲು ಕರೆದು ಎಷ್ಟು ವರ್ಷ ಆಯ್ತಕ್ಕ. ಇದು ನನ್ನ ಹತ್ರ ಕೊಡುತ್ತಾ?"

"ಅದು ನನ್ನೊಬ್ಬಳ ಹಸ ಯಾವತ್ತಾಗಿತ್ತು? ಹುಟ್ದಾಗ್ನಿಂದ ಐದ್ ಜನದ ಕೈ ನೋಡೈತೆ. ಕೂತ್ಕ ಓಗು" ಎಂದು ಓಡಿದಳು.

ಸೀರೆ ಸುತ್ತಿಕೊಂಡೆ. ಸಗಣಿ, ಬೂಸಾ, ಐದು ಹೆಂಗಸರ ಬೆವರು ಎಲ್ಲ ಅದರಲ್ಲಿತ್ತು. ಡೆಲ್ಲಿ ಕುತ್ತಿಗೆ ತಿರುಗಿಸಿ ನನ್ನ ಮೊಣಕೈ ಮೂಸಿತು, ಮತ್ತೆ ಹುಲ್ಲಿಗೆ ಬಾಯಿ ಹಾಕಿತು. ಕರು ಬಿಟ್ಟು, ಎಳೆದು ಕಟ್ಟಿ, ಕೆಚ್ಚಲು ತೊಳೆದು, ಚೆಂಬು ಮೊಣಕಾಲ ನಡುವೆ ಹಿಡಿದು ಕೂತೆ. ಮೊದಲ ಎರಡು ಸಲ ಬೆರಳು ಜಾರಿತು. ಡೈರಿಯ ಗಂಟೆ ಬಾರಿಸಿದರು. ಮೂರನೆಯ ಸಲಕ್ಕೆ ಚೆಂಬಿನ ತಳಕ್ಕೆ ಧಾರೆ ಬಿದ್ದ ಸದ್ದಾಯಿತು. ಪಕ್ಕದ ಮನೆಯ ಕೊಟ್ಟಿಗೆಯಿಂದ ಇನ್ನೊಂದು ಹಸು ಕೂಗಿತು. ಬಂದೆ, ಇರು ಎಂದೆ.